ನ್ಯುಕಾನ ಬೇಕರ್ ಅವರ ಬಾಟಿಕ್‌ಗೆ ಅರ್ಥ ಬರೆಯಲೇಬೇಕಾ?

ಅಡಿಲೇಡಿನ ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಇಲ್ಲಿನ ಒಂದು ಕನ್ನಡ ಸಂಘದ ಸಂಚಿಕೆಗೆ ಲೇಖನ ಕೊಟ್ಟಿದ್ದೆ. ನ್ಯುಕಾನ ಬೇಕರ್ ಎಂಬ ಬಾಟಿಕ್ (ಬಟ್ಟೆಗೆ ಮೇಣ ಹಚ್ಚಿ ಬಣ್ಣದಲ್ಲಿ ಅದ್ದುವ ಕಲೆ) ಕಲಾವಿದೆಯ ಬಗ್ಗೆ. ಡೈಸಿ ಬೇಕರ್ ಅಂತಲೂ ಕರೆಯುತ್ತಿದ್ದರು. ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ಪಿಟ್ಜಂಟ್ಜಟ್ಜರ ಜನದ ಹೆಣ್ಣುಮಗಳು. 1943ರಲ್ಲಿ ಅರ್ನಬೆಲ್ಲಾದಲ್ಲಿ ಹುಟ್ಟಿದವರು. ಸೌತ್ ಆಸ್ಟ್ರೇಲಿಯಾ ರಾಜ್ಯದ ವಾಯವ್ಯ ಮೂಲೆ, ಮಸ್‌ಗ್ರೇವ್ ಬೆಟ್ಟಗಳ ನಡುವಿನ ಊರು. ಅಲ್ಲಿನವರ ಬಾಯಲ್ಲಿ ಊರಿನ ಹೆಸರು ಪುಕಟ್ಜ. ಅಲ್ಲೇ ಮಿಷನ್ ಶಾಲೆ, ಶಾಲೆ ಮುಗಿದ ಮೇಲೆ ಅಲ್ಲೇ ಕರಕುಶಲ ಕೋಣೆಯಲ್ಲಿ ಕೆಲಸ. 1971ರಲ್ಲಿ ಆ ಕೋಣೆಗೆ ಬಾಟಿಕ್ ಬಂತು. 1975ರಲ್ಲಿ ನ್ಯುಕಾನ, ಜಿಲಿಯನ್ ಡೇವಿ, ಯಿಪಾಟಿ ಕುಯಾಟ ಮೂವರೂ ಇಂಡೋನೇಷ್ಯಾದ ಯೋಗ್ಯಕರ್ತಾಗೆ ಹೋಗಿ, ಅಲ್ಲಿನ ಬಾಟಿಕ್ ಸಂಶೋಧನಾ ಸಂಸ್ಥೆಯಲ್ಲಿ ಕಲಿತು ಬಂದರು.

ಒಂದು ಪ್ರದರ್ಶನದಲ್ಲಿ ಅವರ ರೇಷ್ಮೆ ಬಟ್ಟೆ ನೋಡಿದಾಗಿನಿಂದ ಅದು ತಲೆಯಲ್ಲೇ ಕೂತಿದೆ. ಅರ್ಧ ಸೀರೆಯಷ್ಟು ಉದ್ದ. ಕಂದುಗೆಂಪು ನೆಲ. ಮೇಲೆ ಎಲೆಯೂ ಅಲ್ಲದ, ಗರಿಯೂ ಅಲ್ಲದ ಬಳುಕುವ ಆಕಾರಗಳು. ಪ್ರತಿ ಆಕಾರದ ಬೆನ್ನಿಗೆ ಒಂದು ಗೆರೆ, ಗೆರೆಯ ಬೆನ್ನಿಗೆ ಚುಕ್ಕಿ ಸಾಲು. ಒಂದು ಮುಗಿಯುವ ಕಡೆ ಇನ್ನೊಂದು ಮೊಳಕೆ ಒಡೆದ ಹಾಗೆ. ಮೂಗು ತಾಗುವಷ್ಟು ಹತ್ತಿರ ಹೋದೆ. ಮೇಣ ನಿಂತ ಜಾಗದಲ್ಲಿ ಗೆರೆ ದಪ್ಪ, ಕೈ ಎತ್ತಿದ ಜಾಗದಲ್ಲಿ ಕೂದಲೆಳೆ. ಪೆನ್ಸಿಲ್ ಗುರುತು ಎಲ್ಲೂ ಇಲ್ಲ. ಕಾವಲಿನವರು ಕೆಮ್ಮಿದಾಗ ಹಿಂದೆ ಸರಿದೆ.

ಈಗ ಸಮಸ್ಯೆ. ಸಂಪಾದಕರು ಲೇಖನ ವಾಪಸ್ ಕಳಿಸಿದ್ದಾರೆ. 'ಚೆನ್ನಾಗಿದೆ, ಆದರೆ ಚಿತ್ರದ ಅರ್ಥ ಬರೆದಿಲ್ಲ. ಯಾವ ಪುರಾಣ? ಸುರುಳಿ ಅಂದರೆ ಹಾವಾ, ಹೊಳೆಯಾ? ಓದುಗರು ಕೇಳುತ್ತಾರೆ' ಅಂತ. ಅರ್ನಬೆಲ್ಲಾ ಹೆಂಗಸರು ಇದನ್ನು ಬರೀ 'ವಲ್ಕ' ಅನ್ನುತ್ತಾರೆ, ಗುರುತು, ವಿನ್ಯಾಸ ಅಂತ. ಅದಕ್ಕೆ ಕಥೆ ಅಂಟಿಸುವುದಿಲ್ಲ. ಅವರೇ ಹೇಳದ ಅರ್ಥವನ್ನು ನಾನು ಎಲ್ಲಿಂದ ತರಲಿ? ನೀವಾದರೆ ಏನು ಮಾಡುತ್ತಿದ್ದಿರಿ?

ಸುಮ್ನೆ ಓದುವವನು

ಹಾವು ಅಂತ ಬರೆದು ಕಳಿಸಿ ಅಕ್ಕ. ಯಾರು ಹೋಗಿ ಕೇಳುತ್ತಾರೆ.

ಅಡಿಲೇಡಿನ ಅಕ್ಕ

ನಾನೇ ಕೇಳುತ್ತೇನಲ್ಲಪ್ಪ!

ನೇರಮಾತು

ಸಂಪಾದಕರು ಹೇಳಿದ್ದರಲ್ಲಿ ತಪ್ಪೇನಿದೆ? ಆಸ್ಟ್ರೇಲಿಯಾದ ಮೂಲನಿವಾಸಿಗಳ ಚಿತ್ರ ಅಂದರೆ ಪ್ರತಿ ಚುಕ್ಕಿಗೂ ಅರ್ಥ ಇರುತ್ತದೆ. ಯು ಆಕಾರ ಅಂದರೆ ಕೂತ ಮನುಷ್ಯ, ಸುತ್ತು ಅಂದರೆ ನೀರಿನ ಗುಂಡಿ. ಶಾಲೆ ಮಕ್ಕಳಿಗೂ ಗೊತ್ತು. ಅರ್ಥವೇ ಇಲ್ಲ ಅನ್ನುವುದು ಅವರ ಕಲೆಯನ್ನು ಬರೀ ಅಲಂಕಾರ ಅಂತ ಇಳಿಸಿದ ಹಾಗೆ. ಕೇಳಿದವರಿಗೆ ಹೇಳಲು ಇಷ್ಟ ಇರಲಿಲ್ಲವೋ ಏನೋ.

ಬಾಟಿಕ್ ಮೇಷ್ಟ್ರು

ಧಾರವಾಡದಲ್ಲಿ 31 ವರ್ಷ ಡ್ರಾಯಿಂಗ್ ಕಲಿಸಿ ನಿವೃತ್ತ ಆದವನು ನಾನು. ನೇರಮಾತು ಅವರೇ, ನೀವು ಹೇಳುವ ಚುಕ್ಕಿ, ಸುತ್ತು, ಯು ಆಕಾರ ಪಪುನ್ಯ ಕಡೆಯದು, ಅದು ಮರುಭೂಮಿಯ ಇನ್ನೊಂದು ಊರು. ಅಲ್ಲಿ ಗಂಡಸರು ಬೋರ್ಡಿನ ಮೇಲೆ, ಆಮೇಲೆ ಕ್ಯಾನ್‌ವಾಸ್ ಮೇಲೆ ಚಿತ್ರ ಶುರು ಮಾಡಿದ್ದೂ ಅದೇ 1971ರಲ್ಲಿ. ಜೆಫ್ರಿ ಬಾರ್ಡನ್ ಎಂಬ ಡ್ರಾಯಿಂಗ್ ಮೇಷ್ಟ್ರು ಬಣ್ಣ ಕೊಟ್ಟರು. (ನಮ್ಮ ಜಾತಿ! ಡ್ರಾಯಿಂಗ್ ಪಿರಿಯಡ್ ಅಂದರೆ ಆಟದ ಪಿರಿಯಡ್ ಅಂದುಕೊಂಡಿದ್ದ ಎಲ್ಲಾ ಹೆಡ್‌ಮಾಸ್ತರಿಗೂ ಇದನ್ನು ಓದಿಸಬೇಕು.)

ಅರ್ನಬೆಲ್ಲಾ ದಾರಿಯೇ ಬೇರೆ. ಅಲ್ಲಿ ಬಣ್ಣ ಮೊದಲು ಸಿಕ್ಕಿದ್ದು ಮಕ್ಕಳಿಗೆ. 1937ರಲ್ಲಿ ಪ್ರೆಸ್ಬಿಟೇರಿಯನ್ನರ ಮಿಷನ್ ಬಂತು. ಅದಕ್ಕೆ ಓಡಾಡಿದವರು ಚಾರ್ಲ್ಸ್ ಡುಗಿಡ್ ಎಂಬ ಡಾಕ್ಟರ್. ಅಲ್ಲಿಗೆ ಬಂದ ಮಿಷನರಿಗಳು ಅಲ್ಲಿನ ಭಾಷೆ ಕಲಿಯಬೇಕು ಅಂತ ಅವರ ಷರತ್ತು. ಶಾಲೆ ನಡೆದದ್ದೂ ಮನೆಮಾತಲ್ಲೇ. ಆ ಶಾಲೆಯಲ್ಲಿ ಹೆಣ್ಣುಮಕ್ಕಳು ಪೇಸ್ಟಲ್ ಹಿಡಿದು ಸುರುಳಿ ಬರೆಯುತ್ತಿದ್ದರು. ಆ ಸುರುಳಿ ಆಮೇಲೆ ಉಣ್ಣೆಯ ನೆಲಹಾಸಿಗೆ ಹೋಯಿತು, ಅಲ್ಲಿಂದ ಬಾಟಿಕ್‌ಗೆ. ಒಂದೇ ಗೆರೆ ಬಟ್ಟೆ ಬದಲಿಸುತ್ತಾ ಬಂದಿದೆ.

ಹೊಳೆಸಾಲು

ಮೇಷ್ಟ್ರೇ, ಮರುಭೂಮಿಯಲ್ಲಿ ಉಣ್ಣೆ ಎಲ್ಲಿಂದ?

ಬಾಟಿಕ್ ಮೇಷ್ಟ್ರು

ಕುರಿ ತಮ್ಮಾ. ಮಿಷನ್ ಬರುವ ಮೊದಲೇ ಅದು ಕುರಿ ಸಾಕುವ ಜಾಗ. 1948ರಲ್ಲಿ ಕರಕುಶಲ ಕೋಣೆ ತೆರೆದದ್ದೇ ಆ ಉಣ್ಣೆಯಿಂದ. ಅಲ್ಲಿನ ಹೆಂಗಸರಿಗೆ ನೂಲುವುದು ಯಾರೂ ಕಲಿಸಬೇಕಾಗಿರಲಿಲ್ಲ. ತಲೆಗೂದಲನ್ನು ಕಡ್ಡಿಯ ಕದಿರಿನಲ್ಲಿ ಹೊಸೆದು ದಾರ ಮಾಡುವುದು ಮೊದಲಿಂದ ಗೊತ್ತಿತ್ತು. ತೊಡೆ ಮೇಲೆ ಕದಿರು ಉರುಳಿಸಿ ಅದೇ ಕೈಚಳಕದಲ್ಲಿ ಕುರಿ ಉಣ್ಣೆ ನೂತರು. 1948ರಿಂದ ಇವತ್ತಿನವರೆಗೆ ಬಾಗಿಲು ಮುಚ್ಚಿಲ್ಲ. ದೇಶದಲ್ಲಿ ಬಿಡದೆ ನಡೆದುಬಂದ ಮೂಲನಿವಾಸಿ ಕಲಾಕೇಂದ್ರಗಳಲ್ಲಿ ಎಲ್ಲಕ್ಕಿಂತ ಹಳೆಯದು ಅದೇ.

ಆಲಿಸ್‌ನ ನರ್ಸಮ್ಮ

ಅಯ್ಯೋ ಎಷ್ಟು ದಿನ ಆಗಿತ್ತು ಈ ಹೆಸರುಗಳನ್ನು ಕನ್ನಡದಲ್ಲಿ ಓದಿ! ಓದಿ ಏನು, ಇದೇ ಮೊದಲ ಸಲ.

ನಾನು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಆರು ವರ್ಷ ನರ್ಸ್ ಆಗಿದ್ದೆ. ಮೂಲ ಚಾಮರಾಜನಗರ. ಅರ್ನಬೆಲ್ಲಾ ಅಲ್ಲಿಂದ ನೈರುತ್ಯಕ್ಕೆ 400 ಕಿಲೋಮೀಟರಿಗೂ ಜಾಸ್ತಿ. ಆ ಕಡೆಯ ಹೆಂಗಸರು ಡಯಾಲಿಸಿಸ್‌ಗೆ, ಹೆರಿಗೆಗೆ ಬರುತ್ತಿದ್ದರು. ಜೊತೆಗೆ ಮೊಮ್ಮಕ್ಕಳು.

ಆ ಮಕ್ಕಳದ್ದು ಒಂದು ಆಟ. ಅಂಗಳದಲ್ಲಿ ಮಣ್ಣು ಇದ್ದ ಕಡೆ ಕೂರುತ್ತಾರೆ. ಅಂಗೈಯಿಂದ ಮಣ್ಣು ಸವರಿ ಪಾಟಿ ಮಾಡಿಕೊಳ್ಳುತ್ತಾರೆ. ಕೈಯಲ್ಲಿ ಬಗ್ಗಿಸಿದ ತಂತಿ. ಅದರಿಂದ ನೆಲಕ್ಕೆ ಟಕ್ ಟಕ್ ಟಕ್ ಅಂತ ತಾಳ. ತಾಳದ ಜೊತೆ ಕಥೆ, ಕಥೆಯ ಜೊತೆ ಇನ್ನೊಂದು ಕೈ ಬೆರಳಲ್ಲಿ ಗೆರೆ. ಇದು ಮನೆ, ಇದು ಬೆಂಕಿ, ಎಲೆ ಇಟ್ಟರೆ ಅದು ಮನುಷ್ಯ. ದೃಶ್ಯ ಮುಗಿದ ಕೂಡಲೇ ಒಂದೇ ಸವರು, ಎಲ್ಲಾ ಅಳಿಸಿಹೋಯಿತು. ಮತ್ತೆ ಶುರು. ಹೆಣ್ಣುಮಕ್ಕಳ ಆಟ ಅದು. ಅದಕ್ಕೆ ಮಿಲ್ಪಟ್ಜುನನ್ಯಿ ಅನ್ನುತ್ತಾರೆ. ಒಂದು ಹುಡುಗಿ ಆ ತಂತಿಯನ್ನು ಕೊರಳಿಗೆ ಸುತ್ತಿಕೊಂಡೇ ಓಡಾಡುತ್ತಿದ್ದಳು, ಸರದ ಹಾಗೆ. ಸ್ಕ್ಯಾನಿಂಗ್‌ಗೆ ಬಿಚ್ಚು ಅಂದರೆ ಅಳು.

ನೇರಮಾತು ಸಾರ್, ಅಲ್ಲಿ ಕಥೆ ಇರುವುದು ಕೈಯಲ್ಲಿ, ಬಾಯಲ್ಲಿ. ಬಟ್ಟೆಯ ಮೇಲೆ ಉಳಿಯುವುದು ಕೈ ಓಡಾಡಿದ ಅಭ್ಯಾಸ ಅಷ್ಟೇ ಅಂತ ನನ್ನ ಅನಿಸಿಕೆ. ನಾನು ಕಲೆ ಓದಿದವಳಲ್ಲ, ತಪ್ಪಿದ್ದರೆ ಹೇಳಿ.

ತೀರ್ಥಹಳ್ಳಿ ತವರು

ನರ್ಸಮ್ಮನ ಮಾತು ಓದಿ ನಮ್ಮಜ್ಜಿ ನೆನಪಾದರು. ಬೆಳಿಗ್ಗೆ ರಂಗೋಲಿ ಹಾಕುವಾಗ ಇದೇನಜ್ಜಿ ಅಂತ ಕೇಳಿದರೆ 'ಎಂತದ್ದೂ ಅಲ್ಲ ಮಾರಾಯ್ತಿ, ರಂಗೋಲಿ' ಅನ್ನುತ್ತಿದ್ದರು.

ನೇರಮಾತು

ಆದರೆ ಅಮ್ಮ, ನಿಮ್ಮ ಕಡೆಯದೇ ಹಸೆ ಚಿತ್ತಾರ ತಗೊಳ್ಳಿ. ಅದರಲ್ಲಿ ಒಂದೊಂದು ಎಳೆಗೂ ಹೆಸರಿದೆ. ಹೆಸರಿದ್ದ ಮೇಲೆ ಅರ್ಥ ಇದೆ.

ತೀರ್ಥಹಳ್ಳಿ ತವರು

ಹೆಸರು ಬೇರೆ, ಕಥೆ ಬೇರೆ. ನಿಮ್ಮ ಹೆಸರಿಗೂ ಅರ್ಥ ಇದೆ, ಹಾಗಂತ ನೀವು ನೇರ ಮಾತಾಡುತ್ತೀರಾ?

ಸುಮ್ನೆ ಓದುವವನು

😂😂 ಇದಕ್ಕೇ ನಾನು ಇಲ್ಲಿ ಬರುವುದು.

ಪದಪ್ರೇಮಿ

ವಿಷಯ ಬಿಟ್ಟು ಒಂದು ಮಾತು. ಅಕ್ಕ ಬರೆದ 'ಪಿಟ್ಜಂಟ್ಜಟ್ಜರ' ನೋಡಿ ಕಣ್ಣು ನೋವಾಯಿತು. ಇಂಗ್ಲಿಷ್ ಅಕ್ಷರ ನೋಡಿ ಹಾಗೇ ಇಳಿಸಿದ್ದೀರಿ. ಆ ಹೆಸರಿನಲ್ಲಿ ಟ ಕಾರವೇ ಇಲ್ಲ. ಚ ಮತ್ತು ತ್ಯ ನಡುವಿನ ಒಂದು ಶಬ್ದ ಅದು. ಅಲ್ಲಿಯವರೂ ಬೇಗ ಮಾತಾಡುವಾಗ ನಡುವಿನ ಒಂದು ಅಕ್ಷರ ನುಂಗುತ್ತಾರೆ.

ಹೆಸರಿನ ಹುಟ್ಟು ಇನ್ನೂ ಮಜಾ. ಪಕ್ಕದ ಯಂಕುನ್ಯಟ್ಜಟ್ಜರ ಜನ 'ಹೋಗುವುದು, ಬರುವುದು' ಅನ್ನಲು ಯಂಕುನ್ಯಟ್ಜ ಎಂಬ ಪದ ಬಳಸುತ್ತಾರೆ. ಇವರು ಪಿಟ್ಜಂಟ್ಜ ಅನ್ನುತ್ತಾರೆ. ಕೊನೆಯ 'ಟ್ಜರ' ಅಂದರೆ ಉಳ್ಳವರು. ಅಂದರೆ 'ಆ ಪದ ಬಳಸುವವರು' ಅಂತಲೇ ಜನದ ಹೆಸರು. ನಮ್ಮಲ್ಲಿ 'ಹೋಗ್ಯಾರ' ಅನ್ನುವವರು, 'ಹೋಯ್ದ್ರು' ಅನ್ನುವವರು ಅಂತ ಜಿಲ್ಲೆ ಗುರುತಿಸಿದ ಹಾಗೆ.

ಇನ್ನೂ ಒಂದಿದೆ. ನಮ್ಮ ವರ್ಣಮಾಲೆಯಲ್ಲಿ ನಿರುದ್ಯೋಗಿಗಳಾಗಿ ಕೂತಿರುವ ಙ, ಞ ಇಬ್ಬರಿಗೂ ಅಲ್ಲಿ ಫುಲ್‌ಟೈಮ್ ಕೆಲಸ. ಊರು, ನಾಡು ಅನ್ನಲು 'ಙುರ'. ದೊಡ್ಡ ಹೆಂಗಸು ಅಂದರೆ 'ಮಿಞ್ಮ'. ಮನುಷ್ಯ ಅಂದರೆ 'ಅಣಙು', ಅದರಲ್ಲಿ ನಮ್ಮದೇ ಣ. ರೋಮನ್ ಲಿಪಿಯಲ್ಲಿ ಅವರು ಅಕ್ಷರದ ಅಡಿಗೆ ಗೆರೆ ಎಳೆದು ಣ, ಳ ತೋರಿಸಬೇಕು. ನಮ್ಮ ಲಿಪಿ ಕೊಟ್ಟಿದ್ದರೆ ಆರಾಮಾಗಿ ಬರೆಯುತ್ತಿದ್ದರು.

ಹೊಳೆಸಾಲು

ಹಾಗಾದರೆ ಉಲುರು, ಅದೇ ಅಲ್ಲಿನ ದೊಡ್ಡ ಕೆಂಪು ಬಂಡೆ, ಅದರ ಹೆಸರು ಬರೆಯಲು ಹಳೆಗನ್ನಡದ ಱ ಬೇಕಾ?

ಪದಪ್ರೇಮಿ

ಹತ್ತಿರ ಬಂದಿರಿ, ಆದರೆ ಅಲ್ಲ. ಱ ಅಲ್ಲ, ೞ. ನಾಲಿಗೆ ಮೇಲಕ್ಕೆ ಮಡಚಿ ಎಲ್ಲೂ ತಾಗಿಸದೆ ಬಿಡುವ ಶಬ್ದ ಅದು. ಉಲುೞು. ಪಂಪನ ಕಾಲದವರಿಗೆ ಕಷ್ಟವೇ ಆಗುತ್ತಿರಲಿಲ್ಲ.

ನೇರಮಾತು

ನೋಡಿದಿರಾ! ಣ ಇದೆ, ಳ ಇದೆ, ೞ ಕೂಡ ಇದೆ. ಅವರು ನಮ್ಮವರೇ. ದ್ರಾವಿಡರು ಅಲ್ಲಿಗೆ ಹೋಗಿದ್ದಾರೆ. ಇದನ್ನು ಯಾರೂ ಬರೆಯುವುದಿಲ್ಲ.

ಪದಪ್ರೇಮಿ

ಬರೆಯದೆ ಏನು, 19ನೇ ಶತಮಾನದಲ್ಲೇ ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್ ಬರೆದಾಗಿದೆ. ಆಮೇಲೆ ಬಂದ ಭಾಷಾ ಪಂಡಿತರು ಒಪ್ಪಲಿಲ್ಲ. ಶಬ್ದ ಹೋಲಿದ ಮಾತ್ರಕ್ಕೆ ನೆಂಟಸ್ತನ ಆಗುವುದಿಲ್ಲ. ಪದ, ವ್ಯಾಕರಣ ಹೊಂದಬೇಕು. ವಂಶವಾಹಿ ಕಥೆಯೂ ಹಾಗೇ. 2013ರಲ್ಲಿ ಒಂದು ತಂಡ ಸುಮಾರು 4,200 ವರ್ಷದ ಹಿಂದೆ ಭಾರತದಿಂದ ಜನ ಬಂದಿರಬಹುದು ಅಂದಿತು. 2016ರಲ್ಲಿ ಇನ್ನೊಂದು ತಂಡ ಗಂಡಸರ ವೈ ಕ್ರೋಮೋಸೋಮ್ ಓದಿ, ಅದಕ್ಕೆ ಆಧಾರ ಕಾಣುವುದಿಲ್ಲ ಅಂದಿತು.

ನೇರಮಾತು

ನಿಮ್ಮ ಹತ್ತಿರ ಎಲ್ಲದಕ್ಕೂ ಒಂದು ಇಸವಿ ಇರುತ್ತದೆ.

ಪಂಚಾಂಗದ ಮೊಮ್ಮಗ

ನೆಂಟಸ್ತನ ಬಿಡಿ, ಆಕಾಶ ಒಂದೇ. ಪಿಟ್ಜಂಟ್ಜಟ್ಜರ ಹೆಂಗಸರ ಕ್ಯಾನ್‌ವಾಸ್ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ಏಳು ಅಕ್ಕತಂಗಿಯರ ಕಥೆ ಗೊತ್ತಾ? ಕುಂಕರಂಕಲ್ಪ ಅನ್ನುತ್ತಾರೆ. ಅದು ನಮ್ಮ ಕೃತ್ತಿಕೆ. ನ್ಯಿರು ಎಂಬ ಗಂಡಸು ಬೆನ್ನು ಹತ್ತುತ್ತಾನೆ. ಅವನು ಇರುವುದು ನಾವು ಮೃಗಶಿರ ಅನ್ನುವ ಕಡೆ. ನಮ್ಮಲ್ಲೂ ಪ್ರಜಾಪತಿ ರೋಹಿಣಿಯ ಹಿಂದೆ ಜಿಂಕೆಯಾಗಿ ಓಡುವ ಕಥೆ ಅದೇ ನಕ್ಷತ್ರಗಳದ್ದು. ಎರಡು ಕಡೆಯೂ ಗಂಡಸಿನ ಬುದ್ಧಿ ಒಂದೇ.

ಒಂದು ವ್ಯತ್ಯಾಸ ಇದೆ. ನಮ್ಮ ಕೃತ್ತಿಕೆ ಮಳೆ ಮೇ ತಿಂಗಳಲ್ಲಿ. ಆಗ ಸೂರ್ಯ ಅಲ್ಲೇ ಇರುವುದರಿಂದ ಆ ನಕ್ಷತ್ರ ಕಣ್ಣಿಗೇ ಬೀಳುವುದಿಲ್ಲ. ಅವರು ಕಾಯುವುದು ಅದು ಮತ್ತೆ ನಸುಕಿನಲ್ಲಿ ಮೂಡುವುದನ್ನು. ಅಲ್ಲಿಗೆ ಅದು ಚಳಿಗಾಲ, ಡಿಂಗೋ ನಾಯಿ ಮರಿ ಹಾಕುವ ಕಾಲ. 2016ರಲ್ಲಿ ಅಮಾಟ ಊರಿನ ಕೆನ್ ಮನೆತನದ ಐವರು ಹೆಂಗಸರು ಈ ಕಥೆಯನ್ನು ಒಟ್ಟಿಗೆ ಬರೆದು ವಿನ್ ಎಂಬ ಆಸ್ಟ್ರೇಲಿಯಾದ ಚಿತ್ರಕಲೆ ಪ್ರಶಸ್ತಿ ಗೆದ್ದರು. ಅಕ್ಕ, ನಿಮ್ಮ ಲೇಖನಕ್ಕೆ ಇದನ್ನೇ ಹಾಕಿ, ಸಂಪಾದಕರು ಖುಷಿ ಆಗುತ್ತಾರೆ.

ಅಡಿಲೇಡಿನ ಅಕ್ಕ

ಕಥೆ ಬಲು ಚೆಂದ ಇದೆ ತಮ್ಮಾ. ಆದರೆ ಕೆನ್ ಅಕ್ಕತಂಗಿಯರದ್ದು ಅಮಾಟ, ಕ್ಯಾನ್‌ವಾಸ್, 2016. ನ್ಯುಕಾನ ಅವರ ಬಾಟಿಕ್‌ಗೆ ಅದನ್ನು ತಂದು ಹೊಲಿದರೆ ಪಕ್ಕದ ಮನೆ ಮದುವೆ ಫೋಟೋ ನಮ್ಮ ಆಲ್ಬಮ್‌ಗೆ ಅಂಟಿಸಿದ ಹಾಗೆ.

ಇನ್ನೊಂದು ಹೇಳುವುದು ಮರೆತಿದ್ದೆ. 1999ರಲ್ಲಿ ಊಟೆ ಐಕೆಲ್‌ಕಾಂಪ್ ಎಂಬ ಸಂಶೋಧಕಿ ಅರ್ನಬೆಲ್ಲಾ ಹೆಂಗಸರ ಮಾತನ್ನೇ ಕೂಡಿಸಿ ಪುಸ್ತಕ ಮಾಡಿದರು. ಅದರ ಹೆಸರೇ 'ಕಥೆ ಕೇಳಬೇಡಿ' ಅಂತ. ಸಂಪಾದಕರಿಗೆ ಆ ಮುಖಪುಟದ ಫೋಟೋ ಕಳಿಸಲಾ ಅಂತ ಮೂರು ಸಲ ಯೋಚಿಸಿ ಬಿಟ್ಟೆ. ಅವರ ಮಗಳು ನನ್ನ ಮಗಳ ಭರತನಾಟ್ಯ ಕ್ಲಾಸಿನವಳು.

ಲೆಕ್ಕದ ಪುಸ್ತಕ

ಯಾರೂ ದುಡ್ಡಿನ ಮಾತೇ ಎತ್ತಿಲ್ಲ. ನಾನು ಎತ್ತುತ್ತೇನೆ.

ಒಂದೇ ವರ್ಷ, 1971. ಪಪುನ್ಯದಲ್ಲಿ ಗಂಡಸರು ಬೋರ್ಡಿನ ಮೇಲೆ ಬರೆದರು. ಅದಕ್ಕೆ ಕಥೆ ಇತ್ತು, ಕಥೆಯ ಚೀಟಿ ಚಿತ್ರದ ಹಿಂದೆ ಅಂಟಿತು. ಅದು 'ಕಲೆ' ಆಯಿತು. ಅರ್ನಬೆಲ್ಲಾದಲ್ಲಿ ಹೆಂಗಸರು ರೇಷ್ಮೆ ಮೇಲೆ ಬರೆದರು. ಕಥೆ ಇಲ್ಲ, ಮೇಲಾಗಿ ಕೊರಳಿಗೆ ಸುತ್ತಿಕೊಳ್ಳಬಹುದು. ಅದು 'ಕರಕುಶಲ' ಆಯಿತು. ಬೆಲೆಯಲ್ಲಿ ಆಕಾಶ ಭೂಮಿ ವ್ಯತ್ಯಾಸ.

ಇನ್ನೊಂದು ಲೆಕ್ಕ. ನ್ಯುಕಾನ ಜೊತೆ ಯೋಗ್ಯಕರ್ತಾಗೆ ಹೋದ ಯಿಪಾಟಿ ಇದ್ದಾರಲ್ಲ, 1977ರಲ್ಲಿ ಅವರೂ ಸುಝಾನ್ ಬ್ರೈಸ್ ಎಂಬ ಕರಕುಶಲ ಶಿಕ್ಷಕಿಯೂ ಉತ್ತರಕ್ಕೆ ಯುಟೋಪಿಯಾ ಅನ್ನುವ ಊರಿಗೆ ಹೋಗಿ ಅಲ್ಲಿನ ಹೆಂಗಸರಿಗೆ ಬಾಟಿಕ್ ಕಲಿಸಿದರು. ಅಲ್ಲಿ ಕಲಿತವರಲ್ಲಿ ಒಬ್ಬರು ಎಮಿಲಿ ಕಾಮೆ ಕ್ಙ್ವಾರೆಯೆ. ಹತ್ತು ವರ್ಷ ಬಾಟಿಕ್ ಮಾಡಿದರು. ಆಮೇಲೆ 1988ರ ಹೊತ್ತಿಗೆ ಕ್ಯಾನ್‌ವಾಸ್ ಹಿಡಿದರು. 2007ರಲ್ಲಿ ಅವರ ಒಂದು ಚಿತ್ರ 10 ಲಕ್ಷ ಡಾಲರ್ ದಾಟಿ ಹರಾಜಾಯಿತು. ಅದೇ ಕೈ, ಬಟ್ಟೆ ಮೇಲೆ ಇದ್ದಾಗ ಎಷ್ಟಿತ್ತು ಅಂತ ಯಾರಾದರೂ ಕೇಳಿ ನೋಡಿ.

ಹೊಳೆಸಾಲು

ಅಂದರೆ ನ್ಯುಕಾನ ಅವರಿಗೆ ಮೋಸ ಆಯಿತು ಅಂತಾನಾ?

ಲೆಕ್ಕದ ಪುಸ್ತಕ

ಮೋಸ ಅನ್ನಲಾರೆ. ಅವರ ಬಾಟಿಕ್ ದೊಡ್ಡ ಗ್ಯಾಲರಿಗಳ ಸಂಗ್ರಹದಲ್ಲಿದೆ. ಮರುಭೂಮಿಯ ಬಾಟಿಕ್‌ಗೆ ಅಂತಲೇ 2008ರಲ್ಲಿ ಮೆಲ್ಬರ್ನ್‌ನ ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯಾ ದೊಡ್ಡ ಪ್ರದರ್ಶನ ಮಾಡಿತು. ತಡ ಆಯಿತು ಅನ್ನುತ್ತೇನೆ. 2000ದ ಆಚೆ ಅರ್ನಬೆಲ್ಲಾದವರೂ ಕ್ಯಾನ್‌ವಾಸ್ ಹಿಡಿದರು, ತಮ್ಮ ನಾಡಿನ ಕಥೆ ಬರೆಯತೊಡಗಿದರು. ಅದು ಅವರ ಹಕ್ಕು, ಚೆನ್ನಾಗಿಯೂ ಬರೆಯುತ್ತಾರೆ. ಆದರೆ ಕೊಳ್ಳುವವನು ಕಥೆ ಕೇಳುತ್ತಾನೆ ಅನ್ನುವುದೂ ಅದರಲ್ಲಿ ಒಂದು ಕಾರಣ. ನಿಮ್ಮ ಸಂಪಾದಕರು ಅಪ್ಪಟ ಮಾರುಕಟ್ಟೆ ಅಕ್ಕ.

ನೇರಮಾತು

ಒಂದು ನಿಮಿಷ. ಅವರಿಗೆ ಕಥೆ ಇತ್ತು, ಆಮೇಲೆ ಬರೆದರು ಅಂತ ನೀವೇ ಹೇಳಿದಿರಿ. ಹಾಗಾದರೆ ಮೊದಲು ಯಾಕೆ ಬರೆಯಲಿಲ್ಲ? ಮಿಷನ್‌ನವರು ಬೇಡ ಅಂದರಾ? ಈ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಬಾಟಿಕ್ ಮೇಷ್ಟ್ರು

ಈ ಸಲ ಒಳ್ಳೆ ಪ್ರಶ್ನೆ ಕೇಳಿದಿರಿ.

ಟ್ಜುಕುರ್ಪ ಅಂತ ಅವರು ಕರೆಯುವುದರಲ್ಲಿ ನಾಡು ಹುಟ್ಟಿದ ಕಥೆ ಇದೆ, ಕಾನೂನು ಇದೆ, ಯಾರು ಯಾರಿಗೆ ಏನು ಹೇಳಬಹುದು ಅನ್ನುವುದೂ ಇದೆ. ಗಂಡಸರದ್ದು ಬೇರೆ, ಹೆಂಗಸರದ್ದು ಬೇರೆ. ಎಲ್ಲರ ಮುಂದೆ ಬಿಚ್ಚಿಡುವುದಲ್ಲ. ಪಪುನ್ಯದ ಮೊದಲ ಚಿತ್ರಗಳಲ್ಲಿ ಗುಟ್ಟಿನ ವಿಷಯ ಬಯಲಾಯಿತು ಅಂತ ಮರುಭೂಮಿಯ ಬೇರೆ ಊರುಗಳ ಹಿರಿಯರು ಸಿಟ್ಟಾದರು. ಆಮೇಲೆ ಪಪುನ್ಯದವರೂ ಅಂಥದ್ದನ್ನು ಬರೆಯುವುದು ಬಿಟ್ಟರು. ಅರ್ನಬೆಲ್ಲಾ ಕಡೆ ಮಾರಾಟಕ್ಕೆ ಹೋಗುವ ವಸ್ತುವಿನ ಮೇಲೆ ಅದು ಬರಲೇಬಾರದು ಅನ್ನುವುದು ಗಟ್ಟಿಯಾಗಿತ್ತು. ಹಾಗಾಗಿ ಹೆಂಗಸರು ಯಾರ ಗುಟ್ಟೂ ಅಲ್ಲದ, ಯಾರ ಅಪ್ಪಣೆಯೂ ಬೇಡದ ಒಂದು ವಿನ್ಯಾಸ ಬೆಳೆಸಿದರು. ಅದು ಅವರದ್ದೇ. ನನಗೆ ಇದರಲ್ಲಿ ಕೊರತೆ ಕಾಣುವುದಿಲ್ಲ.

ಇನ್ನು ಮಿಷನ್‌ನವರು ಬೇಡ ಅಂದರಾ ಅನ್ನುವುದು ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು. ಕರಕುಶಲ ಕೋಣೆಯನ್ನು 1954ರಿಂದ 1986ರವರೆಗೆ ನೋಡಿಕೊಂಡವರು ವಿನಿಫ್ರೆಡ್ ಹಿಲಿಯರ್ಡ್. 32 ವರ್ಷ. ನಾನೇ 31ಕ್ಕೆ ಸುಸ್ತಾದೆ.

ನೇರಮಾತು

ಇದು ಒಪ್ಪಬಹುದು. ಹೇಳದೆ ಇರುವುದೇ ಅರ್ಥ ಅಂತ ಬರೆಯಿರಿ ಅಕ್ಕ.

ತೀರ್ಥಹಳ್ಳಿ ತವರು

ಮತ್ತೆ ಅರ್ಥ! ಬಿಡುವುದಿಲ್ಲವಲ್ಲ ನೀವು.

ಆಲಿಸ್‌ನ ನರ್ಸಮ್ಮ

ಅಕ್ಕ, ಅರ್ಥಕ್ಕಿಂತ ಮುಖ್ಯ ಒಂದಿದೆ. ನ್ಯುಕಾನ ಅವರು ಈಗಿಲ್ಲ. ಅವರ ಜನರಲ್ಲಿ ಸತ್ತವರ ಹೆಸರು ಹೇಳುವುದಿಲ್ಲ. ಬದಲಿಗೆ 'ಕುನ್ಮನಾರ' ಅನ್ನುತ್ತಾರೆ. ಬರೀ ಸತ್ತವರಿಗಲ್ಲ, ಅದೇ ಹೆಸರಿನ, ಅದಕ್ಕೆ ಹತ್ತಿರದ ಹೆಸರಿನ ಬದುಕಿರುವವರಿಗೂ ಆ ದಿನದಿಂದ ಅದೇ. ನಮ್ಮ ವಾರ್ಡಿನಲ್ಲಿ ಒಂದು ಸಲ ಮೂವರು ಕುನ್ಮನಾರ ಒಟ್ಟಿಗೆ ಸೇರಿದ್ದರು. ನಾನು ಹೊಸಬಳು. ಬಾಗಿಲಲ್ಲಿ ನಿಂತು ಫೈಲ್ ನೋಡಿ ಹಳೆಯ ಹೆಸರು ಜೋರಾಗಿ ಕೂಗಿಬಿಟ್ಟೆ. ಕೋಣೆ ಪೂರ್ತಿ ಗಪ್‌ಚಿಪ್. ಒಬ್ಬ ಮುದುಕಿ ಮುಖ ಆ ಕಡೆ ತಿರುಗಿಸಿದರು. ಆಮೇಲೆ ಜೊತೆಗಿದ್ದ ಆರೋಗ್ಯ ಕಾರ್ಯಕರ್ತೆ ಹೊರಗೆ ಕರೆದುಕೊಂಡು ಹೋಗಿ ನಿಧಾನವಾಗಿ ಹೇಳಿಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಎಷ್ಟು ದಿನ ಹೇಳಬಾರದು ಅನ್ನುವುದನ್ನು ಮನೆಯವರು ನಿರ್ಧರಿಸುತ್ತಾರೆ. ಎಷ್ಟೋ ಕಲಾವಿದರ ಹೆಸರನ್ನು ಮನೆಯವರ ಒಪ್ಪಿಗೆಯಿಂದ ಮತ್ತೆ ಬಳಸುತ್ತಾರೆ, ಗ್ಯಾಲರಿಗಳೂ ಹಾಕುತ್ತವೆ. ಆದರೂ ಲೇಖನದ ಮೊದಲು ಒಂದು ಸಾಲು ಹಾಕಿ, 'ತೀರಿಕೊಂಡವರ ಹೆಸರು ಇದರಲ್ಲಿದೆ' ಅಂತ. ಅಲ್ಲಿನ ಪತ್ರಿಕೆ, ಟಿವಿ ಎಲ್ಲಾ ಹಾಗೇ ಮಾಡುತ್ತವೆ.

ಅಡಿಲೇಡಿನ ಅಕ್ಕ

ಇದು ನನಗೆ ಹೊಳೆದೇ ಇರಲಿಲ್ಲ ನರ್ಸಮ್ಮ. ಖಂಡಿತ ಹಾಕುತ್ತೇನೆ. ನಮ್ಮತ್ತೆ ಇವತ್ತಿಗೂ ಮಾವನ ಹೆಸರು ಹೇಳುವುದಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ನನ್ನ ಕಡೆ ಕೈ ತೋರಿಸುತ್ತಾರೆ.

ಪಂಚಾಂಗದ ಮೊಮ್ಮಗ

ನಮ್ಮಜ್ಜಿ ತಾತನ ಹೆಸರು ರಂಗಪ್ಪ ಅಂತ ರಂಗೋಲಿಯನ್ನೂ 'ಹಿಟ್ಟು' ಅನ್ನುತ್ತಿದ್ದರು. ನಿಜವಾಗಿ.

ಸುಮ್ನೆ ಓದುವವನು

ಆ ಕಡೆ ಟೂರ್ ಹೋಗಬಹುದಾ? ಊರು ನೋಡಬೇಕು ಅನಿಸುತ್ತಿದೆ.

ಆಲಿಸ್‌ನ ನರ್ಸಮ್ಮ

ಸುಮ್ನೆ ಕಾರು ಹತ್ತಿ ಹೋಗುವ ಹಾಗಿಲ್ಲ. 1981ರ ಕಾಯ್ದೆಯಿಂದ ಆ ನೆಲ ಅವರದ್ದೇ. ಒಳಗೆ ಹೋಗಲು ಪರ್ಮಿಟ್ ಬೇಕು. ವಿಸ್ತಾರ ಒಂದು ಲಕ್ಷ ಚದರ ಕಿಲೋಮೀಟರಿಗೂ ಜಾಸ್ತಿ. ಅರ್ಧ ಕರ್ನಾಟಕಕ್ಕಿಂತ ದೊಡ್ಡದು. ಅಲ್ಲಿರುವ ಜನ ನಮ್ಮ ಒಂದು ದೊಡ್ಡ ಹಳ್ಳಿಯಷ್ಟು.

ಲೆಕ್ಕದ ಪುಸ್ತಕ

ಮತ್ತೆ ಏರ್‌ಪೋರ್ಟಿನಲ್ಲಿ ಸಿಗುವ ಅಗ್ಗದ 'ಅಬಾರಿಜಿನಲ್' ಸ್ಕಾರ್ಫ್ ಕೊಂಡು ಇಲ್ಲಿ ಫೋಟೋ ಹಾಕಬೇಡಿ. ಯಾರು ಮಾಡಿದ್ದು ಅಂತ ಹೆಸರಿದೆಯಾ, ಯಾವ ಕಲಾಕೇಂದ್ರ ಅಂತ ಇದೆಯಾ ನೋಡಿ. 2019ರಲ್ಲಿ ಇಂಡೋನೇಷ್ಯಾದಲ್ಲಿ ಮಾಡಿಸಿದ ಮಾಲನ್ನು ಮೂಲನಿವಾಸಿಗಳ ಕೈಕೆಲಸ ಅಂತ ಮಾರಿದ ಕಂಪನಿಗೆ ಅಲ್ಲಿನ ಫೆಡರಲ್ ಕೋರ್ಟ್ 23 ಲಕ್ಷ ಡಾಲರ್ ದಂಡ ಹಾಕಿತು.

ಹೊಳೆಸಾಲು

ಅರ್ನಬೆಲ್ಲಾ ಹೆಂಗಸರು ಇಂಡೋನೇಷ್ಯಾಗೆ ಹೋಗಿ ಕಲಿತು ಬಂದರೆ ಸರಿ, ಇಂಡೋನೇಷ್ಯಾದವರು ಇವರದ್ದು ಮಾಡಿದರೆ ತಪ್ಪಾ? 🤔

ಬಾಟಿಕ್ ಮೇಷ್ಟ್ರು

ಕಲಿಯುವುದು ಬೇರೆ, ಸಹಿ ಹಾಕುವುದು ಬೇರೆ ತಮ್ಮಾ. ಅವರು ತಂದದ್ದು ಕೆಲಸದ ಕ್ರಮ. ಜಾವಾದ ಬಾಟಿಕ್ ನೋಡು, ಇವರದ್ದು ನೋಡು. ಜಾವಾದಲ್ಲಿ ಒಂದೇ ನಮೂನೆ ಲೆಕ್ಕ ಹಾಕಿ ಮತ್ತೆ ಮತ್ತೆ ಬರುತ್ತದೆ. ನ್ಯುಕಾನ ಅವರ ಬಟ್ಟೆಯಲ್ಲಿ ಗೆರೆ ಹೊರಟ ಮೇಲೆ ಎಲ್ಲಿ ತಿರುಗುತ್ತದೆ ಅಂತ ಬರೆಯುವವರಿಗೂ ಮೊದಲೇ ಗೊತ್ತಿದ್ದ ಹಾಗೆ ಕಾಣುವುದಿಲ್ಲ. ಕೈಯಲ್ಲಿ ಚಾಂಟಿಂಗ್ ಹಿಡಿದಿರುತ್ತಾರೆ, ಕೊಳವೆ ಇರುವ ಪುಟ್ಟ ತಾಮ್ರದ ಬಟ್ಟಲು. ಅದರಲ್ಲಿ ಬಿಸಿ ಮೇಣ. ನಿಲ್ಲಿಸಿದರೆ ತೊಟ್ಟು ಬೀಳುತ್ತದೆ, ಓಡಿಸಿದರೆ ಗೆರೆ ಹರಿಯುತ್ತದೆ. ಹಾಗಾಗಿ ಕೈ ನಿಲ್ಲುವ ಹಾಗೇ ಇಲ್ಲ. ಅಕ್ಕ ಮೊದಲ ಪೋಸ್ಟಿನಲ್ಲಿ ಬರೆದರಲ್ಲ, ದಪ್ಪ, ಕೂದಲೆಳೆ ಅಂತ. ಅದು ಆ ಕೈಯ ವೇಗ.

ಇನ್ನೊಂದು ಕಷ್ಟ ಯಾರೂ ಹೇಳುವುದಿಲ್ಲ. ಬಾಟಿಕ್‌ನಲ್ಲಿ ತಿಳಿ ಬಣ್ಣ ಮೊದಲು, ಗಾಢ ಬಣ್ಣ ಕೊನೆಗೆ. ಹಳದಿ ಉಳಿಯಬೇಕಾದ ಜಾಗಕ್ಕೆ ಮೇಣ ಹಚ್ಚಿ ಕೆಂಪಿನಲ್ಲಿ ಅದ್ದು, ಕೆಂಪು ಉಳಿಯಬೇಕಾದ ಜಾಗಕ್ಕೆ ಮೇಣ ಹಚ್ಚಿ ಕಂದಿನಲ್ಲಿ ಅದ್ದು. ಕೊನೆಗೆ ಮೇಣ ಇಳಿಸಿದಾಗಲೇ ಏನು ಬರೆದಿದ್ದೇನೆ ಅಂತ ಕಾಣುವುದು. ಹಿಂದುಮುಂದಾಗಿ ಯೋಚಿಸಬೇಕು. ಪೆನ್ಸಿಲ್ ಗುರುತಿಲ್ಲದೆ, ಹರವಾದ ರೇಷ್ಮೆ ಮೇಲೆ! 31 ವರ್ಷದಲ್ಲಿ ನಾನು ಕರವಸ್ತ್ರ ದಾಟಲಿಲ್ಲ.

ಅಡಿಲೇಡಿನ ಅಕ್ಕ

ಮೇಷ್ಟ್ರೇ, ಈ ಎರಡು ಪ್ಯಾರಾ ನಿಮ್ಮ ಹೆಸರಲ್ಲೇ ಲೇಖನಕ್ಕೆ ಹಾಕಿಕೊಳ್ಳಲಾ? 'ಅರ್ಥ' ಅಂತ ಒಂದು ಉಪಶೀರ್ಷಿಕೆ ಕೊಟ್ಟು, ಅದರ ಕೆಳಗೆ ಇದನ್ನೇ ಹಾಕುತ್ತೇನೆ. ಸಂಪಾದಕರು ಶೀರ್ಷಿಕೆ ನೋಡಿ ಸಮಾಧಾನ ಆಗಲಿ.

ಬಾಟಿಕ್ ಮೇಷ್ಟ್ರು

ಹಾಕಿಕೊಳ್ಳಿ ತಾಯಿ. 'ನಿವೃತ್ತ' ಅಂತ ಮಾತ್ರ ಬರೆಯಬೇಡಿ.

ಹೊಳೆಸಾಲು

ಮೇಷ್ಟ್ರೇ, ಮನೆಯಲ್ಲಿ ಮಾಡಿ ನೋಡಬಹುದಾ? ಅಪ್ಪನ ಹಳೆ ಪಂಚೆ ಇದೆ.

ಬಾಟಿಕ್ ಮೇಷ್ಟ್ರು

ಜೇನುಮೇಣ, ಪ್ಯಾರಾಫಿನ್ ಎರಡೂ ಬೆರೆಸು. ಬರೀ ಪ್ಯಾರಾಫಿನ್ ಆದರೆ ಒಡೆದು ಚೂರಾಗುತ್ತದೆ. ಮೇಣದ ಪಾತ್ರೆ ನೇರ ಒಲೆ ಮೇಲೆ ಇಡಬೇಡ. ನೀರಿನ ಪಾತ್ರೆಯೊಳಗೆ ಇಡು. ಪಕ್ಕದಲ್ಲಿ ಒಂದು ಮುಚ್ಚಳ ಇರಲಿ.

ಹೊಳೆಸಾಲು

ಮೇಷ್ಟ್ರೇ ನೀರಿನ ಪಾತ್ರೆ ದೊಡ್ಡದು ಇರಲಿಲ್ಲ, ನೇರ ಇಟ್ಟೆ. ಹೊಗೆ ಬರುತ್ತಿದೆ. ನೀರು ಹಾಕಲಾ?

ಬಾಟಿಕ್ ಮೇಷ್ಟ್ರು

ಬೇಡ!! ನೀರು ಮುಟ್ಟಿಸಬೇಡ. ಗ್ಯಾಸ್ ಆರಿಸು, ಮುಚ್ಚಳ ಮುಚ್ಚು, ದೂರ ನಿಲ್ಲು. ಫೋನ್ ಕೆಳಗಿಡು ಮೊದಲು.

ತೀರ್ಥಹಳ್ಳಿ ತವರು

ದೇವರೇ. ಹುಡುಗ ಇದ್ದಾನಾ?

ಹೊಳೆಸಾಲು

ಇದ್ದೇನೆ. ಅಮ್ಮ ಬಂದು ಬೈದರು, ಆಮೇಲೆ ಅವರೇ ಇಡ್ಲಿ ಪಾತ್ರೆ ಕೊಟ್ಟರು. ನವಿಲು ಬರೆಯಲು ಹೋಗಿದ್ದೆ. ಈಗ ಹಲಸಿನಹಣ್ಣಿನ ಹಾಗೆ ಏನೋ ಇದೆ. ಇಸ್ತ್ರಿ ಪೆಟ್ಟಿಗೆಗೆ ಪೂರ್ತಿ ಮೇಣ ಅಂಟಿಕೊಂಡಿದೆ, ಅದನ್ನು ಹೇಗೆ ತೆಗೆಯುವುದು?

ಬಾಟಿಕ್ ಮೇಷ್ಟ್ರು

ಬಟ್ಟೆ ಮತ್ತು ಪೆಟ್ಟಿಗೆ ನಡುವೆ ನ್ಯೂಸ್‌ಪೇಪರ್ ಇಡಲಿಲ್ಲವಾ? ಈಗ ಹಳೆ ಟವೆಲ್ ಮಡಚಿ, ಪೆಟ್ಟಿಗೆ ಬಿಸಿ ಇರುವಾಗಲೇ ಅದರ ಮೇಲೆ ಉಜ್ಜು. ನಾಲ್ಕೈದು ಸಲ. ಪಂಚೆಯ ಫೋಟೋ ಹಾಕು.